ಒಂದು ಪೆಟ್ಟಿಗೆ ಎರಡಾಗುತ್ತಿದೆ: ಆಟದ ಸಾಮಾನು ತರಿಸುವ ಶಾಲೆಗಳಿಗೆ ಪತ್ರ

ಮುಖ್ಯ ಶಿಕ್ಷಕರು, ದೈಹಿಕ ಶಿಕ್ಷಣ ಶಿಕ್ಷಕರು ಹಾಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ,

ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಿಗೆ ನಮ್ಮ ಸಹಕಾರ ಸಂಘದಿಂದ ವರ್ಷಕ್ಕೊಮ್ಮೆ ಬರುತ್ತಿದ್ದ ಆಟದ ಸಾಮಾನಿನ ಪೆಟ್ಟಿಗೆ ಈ ಜೂನ್‌ನಿಂದ ಎರಡಾಗುತ್ತದೆ. ಮೊದಲನೆಯದು ಜೂನ್ ಮೊದಲ ವಾರ, ಎರಡನೆಯದು ದಸರಾ ರಜೆ ಮುಗಿದ ಮೇಲೆ. ಒಳಗಿನ ಸಾಮಾನೂ ಬೇರೆ: ದೊಡ್ಡ ಚೆಂಡು ಕಡಿಮೆ, ಚಿಕ್ಕ ಚೆಂಡು ಹೆಚ್ಚು. ಗೆರೆ ಹಾಕುವ ಸುಣ್ಣ, ಖೊಖೊ ಆಟದ ಕಬ್ಬಿಣದ ಕಂಬ, ಹೈಜಂಪ್ ಸ್ಟ್ಯಾಂಡ್ ಈ ಮೂರನ್ನು ನಿಲ್ಲಿಸಿದ್ದೇವೆ. ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಮೊದಲು ಚೆಂಡಿನ ಲೆಕ್ಕ. ನಲವತ್ತು ಮಕ್ಕಳು, ನಲವತ್ತು ನಿಮಿಷದ ಪಿರಿಯಡ್, ಒಂದು ಚೆಂಡು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬೊಬ್ಬರ ಕೈಗೆ ಚೆಂಡು ಸಿಗುವುದು ಒಂದು ನಿಮಿಷ, ಅದೂ ಒಂದು ಕ್ಷಣವೂ ಹಾಳಾಗದಿದ್ದರೆ. ಸಾಲಿನಲ್ಲಿ ನಿಂತ ಉಳಿದವರು ಮಣ್ಣು ಕೆರೆಯುತ್ತಾರೆ, ಒಬ್ಬರನ್ನೊಬ್ಬರು ತಳ್ಳುತ್ತಾರೆ, ಮೇಷ್ಟ್ರ ಅರ್ಧ ಸಮಯ ಜಗಳ ಬಿಡಿಸುವುದರಲ್ಲೇ ಹೋಗುತ್ತದೆ. ಅದೇ ಹತ್ತು ಚೆಂಡಿದ್ದರೆ ನಾಲ್ವರಿಗೊಂದು, ಅಂದರೆ ಮಗುವಿಗೆ ಹತ್ತು ನಿಮಿಷ. ಇಲ್ಲಿಯವರೆಗಿನ ಪೆಟ್ಟಿಗೆಯಲ್ಲಿ ಒಳ್ಳೆಯ ಹೊಲಿಗೆಯ ದುಬಾರಿ ಚೆಂಡು ಮೂರಿದ್ದವು. ನೋಡಲು ಚೆಂದ, ಪಿರಿಯಡ್‌ಗೆ ಸಾಲದು. ಇನ್ನು ಮೇಲೆ ಅದೇ ದುಡ್ಡಿಗೆ ಅಚ್ಚಿನ ರಬ್ಬರ್ ಚೆಂಡು ಹತ್ತು.

ಅಳತೆಯೂ ಬದಲಾಗಿದೆ. 5ನೇ ಸೈಜಿನ ಫುಟ್‌ಬಾಲ್ 410ರಿಂದ 450 ಗ್ರಾಂ ತೂಗುತ್ತದೆ, ಹೊಲಿಗೆಯ ಚೆಂಡಾದರೆ ಒದ್ದೆಯಾದಾಗ ಇನ್ನೂ ಭಾರ. ಎರಡನೇ ತರಗತಿಯ ಮಗು ಅದನ್ನು ಪಾದದ ಒಳಬದಿಯಿಂದ ತಳ್ಳಲಾರದೆ ಬೆರಳ ತುದಿಯಿಂದ ಒದೆಯುತ್ತದೆ. ನೋವಾಗುತ್ತದೆ, ಮುಂದಿನ ಸಲ ಚೆಂಡು ಬಂದಾಗ ಮುಖ ತಿರುಗಿಸುತ್ತದೆ. ಆ ಭಯ ಒಮ್ಮೆ ಕೂತರೆ ಬಿಡಿಸುವುದು ಕಷ್ಟ. ಆದ್ದರಿಂದ 1ರಿಂದ 3ನೇ ತರಗತಿಗೆ 3ನೇ ಸೈಜ್, 4ರಿಂದ 7ನೇ ತರಗತಿಗೆ 4ನೇ ಸೈಜ್ (350ರಿಂದ 390 ಗ್ರಾಂ) ಕಳಿಸುತ್ತೇವೆ. ಕಳೆದ ವರ್ಷದ 5ನೇ ಸೈಜಿನ ಚೆಂಡು ಗಾಳಿ ತುಂಬದೆ ಹಾಗೇ ಇದ್ದರೆ ಜುಲೈ 15ರೊಳಗೆ ವಾಪಸ್ ಕೊಟ್ಟು ಬದಲಾಯಿಸಿಕೊಳ್ಳಬಹುದು.

"ಸುತ್ತಲ ಶಾಲೆಗಳು ಸೇರುವ ಕ್ಲಸ್ಟರ್ ಮಟ್ಟದ ಕ್ರೀಡಾಕೂಟದಲ್ಲಿ ದೊಡ್ಡ ಚೆಂಡಿನಲ್ಲೇ ಆಡಿಸುತ್ತಾರಲ್ಲ?" ಎಂದು ಕೆಲವರು ಕೇಳುತ್ತೀರಿ. ನಿಜ. ಅದಕ್ಕೇ ಜೂನ್ ಪೆಟ್ಟಿಗೆಯಲ್ಲಿ ಪಂದ್ಯದ ಅಳತೆಯ ಥ್ರೋಬಾಲ್ ಒಂದು, ವಾಲಿಬಾಲ್ ಒಂದು ಉಳಿಸಿದ್ದೇವೆ. ತಂಡಕ್ಕೆ ಆಯ್ಕೆಯಾದ ಹತ್ತು ಹನ್ನೆರಡು ಮಕ್ಕಳಿಗೆ ಅಷ್ಟು ಸಾಕು. ಉಳಿದ ಮಕ್ಕಳ ಪಿರಿಯಡ್ ಆ ತಂಡದ ಅಭ್ಯಾಸವಾಗಿ ಬದಲಾಗಬಾರದು ಎಂಬುದು ನಮ್ಮ ಅಭಿಪ್ರಾಯ. ಆಗಸ್ಟ್ ಬಂದರೆ ಸಾಕು, ಎಷ್ಟೋ ಕಡೆ ಆಗುವುದು ಅದೇ.

ಹತ್ತು ಚೆಂಡು ಬಂದರೆ ಮೈದಾನ ಸಂತೆಯಾಗುತ್ತದೆ ಎಂಬ ಹೆದರಿಕೆಗೆ ಒಂದು ದಾರಿ ಇದೆ. ಮೈದಾನಕ್ಕೆ ನಾಲ್ಕು ಮೂಲೆ ಮಾಡಿ: ಒಂದರಲ್ಲಿ ಚೆಂಡು, ಒಂದರಲ್ಲಿ ಟೆನಿಕಾಯ್ಟ್ ರಿಂಗ್ (ಎಸೆದು ಹಿಡಿಯುವ ರಬ್ಬರ್ ಬಳೆ), ಒಂದರಲ್ಲಿ ಸ್ಕಿಪ್ಪಿಂಗ್, ಒಂದರಲ್ಲಿ ಕುಂಟುವುದು ಹಾರುವುದು. ಐದು ನಿಮಿಷ ಮೈ ಬಿಸಿಮಾಡಿ, ಏಳೇಳು ನಿಮಿಷದ ನಾಲ್ಕು ಪಾಳಿ ನಡೆಸಿ. ಮೂಲೆ ಬದಲಿಸಲು, ಸಾಮಾನು ಎಣಿಸಲು, ನೀರು ಕುಡಿಯಲು ಇನ್ನೂ ಏಳು ನಿಮಿಷ ಉಳಿಯುತ್ತದೆ. ಆಗ ಚೆಂಡಿನ ಮೂಲೆಯಲ್ಲಿರುವ ಹತ್ತು ಮಕ್ಕಳಿಗೆ ತಲೆಗೊಂದು ಚೆಂಡು. ಒಂದು ಸೀಟಿಗೆ ಚೆಂಡು ನೆಲಕ್ಕಿಡುವುದು, ಎರಡನೆಯದಕ್ಕೆ ಮುಂದಿನ ಮೂಲೆಗೆ ನಡೆಯುವುದು. ಮೊದಲ ಎರಡು ವಾರ ಬರೀ ಇದನ್ನೇ ಕಲಿಸಬೇಕಾಗುತ್ತದೆ. ನಲಿ-ಕಲಿ (ಚಿಕ್ಕ ತರಗತಿಗಳ ಚಟುವಟಿಕೆಯ ಕಲಿಕೆ) ತರಗತಿಯಲ್ಲಿ ಒಂದು ತಟ್ಟೆಯಿಂದ, ಅಂದರೆ ಗುಂಪಿನಿಂದ, ಇನ್ನೊಂದಕ್ಕೆ ಹೋಗಿ ರೂಢಿಯಿರುವ ಮಕ್ಕಳು ಬೇಗ ಹಿಡಿಯುತ್ತಾರೆ. ದೊಡ್ಡ ತರಗತಿಯವರೇ ಹೆಚ್ಚು ಗಲಾಟೆ. ಪಿ.ಟಿ. ಮೇಷ್ಟ್ರು ಇಲ್ಲದ ಶಾಲೆಯಲ್ಲಿ ತರಗತಿ ಶಿಕ್ಷಕರೇ ಇದನ್ನು ನಡೆಸಬಹುದು. ಪ್ರತಿ ಚೆಂಡಿನ ಮೇಲೂ ಅಂಕಿ ಬರೆದಿರುತ್ತೇವೆ. ಮುಗಿದಾಗ "ಹತ್ತು ಬಂತಾ?" ಎಂದು ಕೇಳುವುದಕ್ಕಿಂತ "ಏಳನೆಯದು ಎಲ್ಲಿ?" ಎಂದು ಕೇಳಿದರೆ ಚೆಂಡು ಬೇಗ ಸಿಗುತ್ತದೆ.

ಎರಡು ಪೆಟ್ಟಿಗೆ ಮಾಡಿದ್ದಕ್ಕೆ ಕಾರಣ ಮಳೆ. ಜೂನ್‌ನಲ್ಲಿ ಕೊಟ್ಟ ಹೊಲಿಗೆಯ ಚೆಂಡು ಕೆಸರಿನಲ್ಲಿ ನೆನೆದು, ಆಫೀಸಿನ ಬೀರುವಿನಲ್ಲಿ ಒಣಗದೆ ಕೂತು, ದಸರಾ ಹೊತ್ತಿಗೆ ನೂಲು ಕೊಳೆತು ಬಾಯಿ ಬಿಡುತ್ತದೆ. ಮೈದಾನ ಆಡಲು ಬರುವ ನವೆಂಬರ್‌ಗೆ ಚೆಂಡೇ ಇರುವುದಿಲ್ಲ. ಹಾಗಾಗಿ ಜೂನ್ ಪೆಟ್ಟಿಗೆಯಲ್ಲಿ ಜಗಲಿಯಲ್ಲೂ ಆಡಬಹುದಾದ ರಿಂಗ್, ಹಗ್ಗ, ಮೆತ್ತನೆಯ ಚೆಂಡು, ಗುರುತಿಗೆ ನೆಲದ ಮೇಲಿಡುವ ತಟ್ಟೆ ಕೋನ್, ಜೊತೆಗೆ ಕ್ರೀಡಾಕೂಟಕ್ಕೆ ಬೇಕಾದ ಆ ಎರಡು ಚೆಂಡು ಇರುತ್ತವೆ. ಫುಟ್‌ಬಾಲು, ಗೆರೆಯ ಪುಡಿ ದಸರಾ ನಂತರ. ರಬ್ಬರ್ ಚೆಂಡು ಜಂಬಿಟ್ಟಿಗೆ ನೆಲದಲ್ಲಿ ಬಾಳುತ್ತದೆ, ಆದರೆ ಹೆಚ್ಚು ಪುಟಿಯುತ್ತದೆ. ಹೆಬ್ಬೆರಳು ಒತ್ತಿದರೆ ತುಸು ತಗ್ಗುವಷ್ಟು ಮಾತ್ರ ಗಾಳಿ ತುಂಬಿ. ಕಲ್ಲಿನ ಹಾಗೆ ತುಂಬಿದ ವಾಲಿಬಾಲ್ ಬೆರಳು ಉಳುಕಿಸುತ್ತದೆ. ಪಂದ್ಯದ ಚೆಂಡಿಗೇ ಬೇಕಾದದ್ದು ಚದರ ಸೆಂ.ಮೀ.ಗೆ 0.30ರಿಂದ 0.325 ಕಿಲೋ ಒತ್ತಡ ಅಷ್ಟೆ. ಪಂಪಿನ ಸೂಜಿಯನ್ನು ಒದ್ದೆ ಮಾಡದೆ ಚುಚ್ಚಬೇಡಿ. ರಿಪೇರಿಗೆ ಬರುವ ಚೆಂಡುಗಳಲ್ಲಿ ಒಣ ಸೂಜಿಯಿಂದ ವಾಲ್ವ್ ಹರಿದವೇ ಜಾಸ್ತಿ. ಬೇಸಿಗೆ ರಜೆಗೆ ಮುಂಚೆ ಅರ್ಧ ಗಾಳಿ ಬಿಟ್ಟು ನೆರಳಿನಲ್ಲಿಡಿ.

ಮಳೆಗಾಲದಲ್ಲಿ ಪುಡಿಯ ಗೆರೆ ಒಂದು ಗಂಟೆಯೂ ನಿಲ್ಲುವುದಿಲ್ಲ. ಮಂಚಕ್ಕೆ ಹೆಣೆಯುವ ಎರಡಿಂಚಿನ ನವಾರಿನ ಪಟ್ಟಿ ತಂದು, ಎರಡಡಿಗೊಂದು ಯು ಆಕಾರದ ಮೊಳೆ ಹೊಡೆದು ನೆಲಕ್ಕೆ ಅಂಟುವಂತೆ ಬಿಗಿಯಿರಿ. 12 ಮೀಟರ್ ಉದ್ದ 8 ಮೀಟರ್ ಅಗಲದ ಕಬಡ್ಡಿ ಅಂಕಣದ ಸುತ್ತು ಮತ್ತು ನಡುಗೆರೆ ಸೇರಿ 48 ಮೀಟರ್ ಪಟ್ಟಿ ಬೇಕು. ಹಗ್ಗ ಬೇಡ, ಕಾಲು ತೊಡರುತ್ತದೆ. ಮೊಳೆಯ ತಲೆ ಮೇಲೆದ್ದಿದೆಯೇ ಎಂದು ಆಟಕ್ಕೆ ಮುಂಚೆ ದಿನಾ ಕೈಯಾಡಿಸಿ ನೋಡಿ.

ಇನ್ನು ಸುಣ್ಣ. ಇದರಲ್ಲಿ ನಾವು ರಾಜಿಯಾಗುವುದಿಲ್ಲ, ಎಷ್ಟೇ ಕೇಳಿದರೂ ಕಳಿಸುವುದಿಲ್ಲ. ಗೋಡೆಗೆ ಬಳಿಯುವ ಅರಳಿದ ಸುಣ್ಣ ತೀಕ್ಷ್ಣ ಕ್ಷಾರ. ಬೆವರಿಗೆ ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕಬಡ್ಡಿಯಲ್ಲಿ ಮಕ್ಕಳು ಮುಖ ಅಡಿಯಾಗಿ ಬೀಳುವುದು ಗೆರೆಯ ಮೇಲೆಯೇ. ಬದಲಿಗೆ ಚಾಕ್ ಪುಡಿ ಕೊಡುತ್ತೇವೆ. ನಿಮ್ಮ ಸ್ಟೋರಿನಲ್ಲಿರುವ ಬಿಳಿ ಪುಡಿ ಯಾವುದು ಎಂಬ ಅನುಮಾನವಿದ್ದರೆ, ಬರಿಗೈಯಲ್ಲಿ ಮುಟ್ಟದೆ, ಅರಿಶಿನ ಕದಡಿದ ನೀರಿಗೆ ಚಿಟಿಕೆಯಷ್ಟು ಹಾಕಿ. ಆರತಿ ತಟ್ಟೆಯ ಓಕುಳಿಯಂತೆ ಕಡುಕೆಂಪಾದರೆ ಸುಣ್ಣ. ಬಣ್ಣ ಹೆಚ್ಚುಕಡಿಮೆ ಹಳದಿಯಾಗೇ ಉಳಿದರೆ ಚಾಕ್. ಸುಣ್ಣವಾದರೆ ಗೋಡೆಗೆ ಬಳಿಸಿ ಮುಗಿಸಿ. ಕಣ್ಣಿಗೆ ಬಿದ್ದರೆ ಉಜ್ಜಲು ಬಿಡದೆ, ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಖೊಖೊ ಕಂಬ ಇನ್ನು ಮರದ್ದು: ನೆಲದಿಂದ 120 ಸೆಂ.ಮೀ. ಎತ್ತರ, 9ರಿಂದ 10 ಸೆಂ.ಮೀ. ದಪ್ಪ, ತುದಿ ಉರುಟು. ತೆಳು ಕಬ್ಬಿಣದ ಪೈಪು ಮಗುವಿನ ಹಿಡಿತಕ್ಕೆ ಸಿಗುತ್ತದೆ ನಿಜ, ಆದರೆ ತುಕ್ಕು ಹಿಡಿದು ತುದಿ ಬ್ಲೇಡಿನಂತಾಗುತ್ತದೆ. ಓಡಿ ಬಂದ ಮಗು ಮೈಭಾರವನ್ನೆಲ್ಲ ಕಂಬದ ಮೇಲೆ ಹಾಕಿ ತಿರುಗುವುದರಿಂದ ಒಂದೂವರೆ ಅಡಿ ಹೂತು ಸುತ್ತ ಕಲ್ಲು ಬಿಗಿಯಿರಿ. ಹೈಜಂಪ್ ಸ್ಟ್ಯಾಂಡ್ ನಿಲ್ಲಿಸಿದ್ದು ಫೋಮ್ ಹಾಸಿಗೆ ಇಲ್ಲದ್ದರಿಂದ. ಟಿವಿಯಲ್ಲಿ ನೋಡಿದಂತೆ ಬೆನ್ನು ಹಾಕಿ ಹಾರಿ ಮರಳಿನ ಮೇಲೆ ಬಿದ್ದರೆ ಕುತ್ತಿಗೆಗೆ ಅಪಾಯ. ಲಾಂಗ್‌ಜಂಪ್ ಸಾಕು. ಮರಳನ್ನು ಪ್ರತಿ ಸಲ ಅಗೆದು ಸಡಿಲಿಸಿ, ಬೆಕ್ಕು ನಾಯಿ ಬಿಟ್ಟುಹೋದದ್ದನ್ನೂ ತೆಗೆಸಿ.

ಕೆಲವನ್ನು ನಮ್ಮಿಂದ ಕೊಳ್ಳಲೇಬೇಡಿ. ರಿಲೇ ಬೇಟನ್‌ಗೆ 40 ಮಿ.ಮೀ. ಪಿವಿಸಿ ಪೈಪನ್ನು 30 ಸೆಂ.ಮೀ.ಗೆ ಕತ್ತರಿಸಿ ಅಂಚು ಉಜ್ಜಿದರೆ ಆಯಿತು. ಎಸೆದು ಹಿಡಿಯುವ ಗಂಟನ್ನು ಹಳೆಯ ಯೂನಿಫಾರ್ಮ್ ಬಟ್ಟೆಯಲ್ಲಿ ಅಂಗೈ ಅಗಲಕ್ಕೆ ಹೊಲಿಸಿ, ಹುಣಸೆ ಬೀಜ ತುಂಬಿಸಿ. ಹೆಸರುಕಾಳು ಹಾಕಿದರೆ ಇಲಿ ಬಿಡುವುದಿಲ್ಲ. ಒಂದನೇ ತರಗತಿಯ ಮಗುವಿಗೆ ಚೆಂಡಿಗಿಂತ ಇದು ಒಳ್ಳೆಯದು, ತಪ್ಪಿದರೂ ಉರುಳಿಹೋಗುವುದಿಲ್ಲ.

ಬಿಲ್ಲಿನ ಮೊತ್ತ ಏರುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಕ್ರೀಡಾ ಸಾಮಗ್ರಿಗೆ ಕಿರಿಯ ಪ್ರಾಥಮಿಕಕ್ಕೆ 5,000 ರೂ., ಹಿರಿಯ ಪ್ರಾಥಮಿಕಕ್ಕೆ 10,000 ರೂ. ವರೆಗೆ ಅವಕಾಶವಿದೆ, ಎರಡು ಪೆಟ್ಟಿಗೆಯೂ ಸೇರಿ ಆ ಮಿತಿಯೊಳಗೇ ಇರುತ್ತವೆ. ಬಿಲ್ಲು ಎರಡು ಬರುವುದರಿಂದ ದಾಸ್ತಾನು ಪುಸ್ತಕದಲ್ಲಿ ಎರಡು ಸಲ ನಮೂದಿಸಿಕೊಳ್ಳಿ. ಅನುದಾನ ತಡವಾದರೆ ಎರಡಕ್ಕೂ ಸೇರಿ ಮಾರ್ಚ್ 31ರೊಳಗೆ ಕೊಟ್ಟರೆ ಸಾಕು.

ಬೇಡಿಕೆ ಚೀಟಿಯಲ್ಲಿ ಈ ಸಲ ಸಾಮಾನಿನ ಹೆಸರು ಬರೆಯಬೇಕಿಲ್ಲ. ತರಗತಿವಾರು ಮಕ್ಕಳ ಸಂಖ್ಯೆ, ಮೈದಾನದ ಉದ್ದ ಅಗಲ, ಜಗಲಿ ಇದೆಯೇ ಇಲ್ಲವೇ ಇಷ್ಟು ಬರೆಯಿರಿ. ಸ್ಕಿಪ್ಪಿಂಗ್ ಹಗ್ಗಕ್ಕೆ ಮಾತ್ರ ಎತ್ತರ ಬೇಕು: ಹಗ್ಗದ ನಡುವೆ ಪಾದವಿಟ್ಟು ನಿಂತರೆ ಹಿಡಿಕೆ ಕಂಕುಳಿಗೆ ಬರಬೇಕು. ಪ್ರತಿ ತರಗತಿಯ ಅತಿ ಕುಳ್ಳ ಮತ್ತು ಅತಿ ಎತ್ತರದ ಮಗುವಿನ ಅಳತೆ ಕಳಿಸಿದರೆ ನಡುವಿನದನ್ನು ನಾವು ನೋಡಿಕೊಳ್ಳುತ್ತೇವೆ. ಚೀಟಿ ಮೇ 25ರೊಳಗೆ ಸಂಘದ ಕಚೇರಿಗೆ ತಲುಪಲಿ.

ಇಂತಿ,
ಕಾರ್ಯದರ್ಶಿ ಮತ್ತು ಆಡಳಿತ ಮಂಡಳಿ