ಶೆಡ್ಡಿನಿಂದ ಶೂ ತಂದುಕೊಟ್ಟವರಿಗೆ

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ದಾವಣಗೆರೆಯಿಂದ ಇಂಗ್ಲೆಂಡಿಗೆ ಕರೆದುಕೊಂಡು ಬಂದಿದ್ದೆ. ತಿಂಗಳಾದರೂ ಮಾತಿಲ್ಲ, ಕತೆಯಿಲ್ಲ. ಕಿಟಕಿ ಪಕ್ಕ ಸುಮ್ನೆ ಕೂತಿರುತ್ತಿದ್ದರು. ನನಗೆ ಏನೂ ತೋಚುತ್ತಿರಲಿಲ್ಲ.

ಕಳೆದ ಭಾನುವಾರ ನಮ್ಮ ಬಡಾವಣೆಯ ಕ್ಲಬ್ಬಿನಲ್ಲಿ ಹೊಸಬರಿಗೆ ಕ್ರೋಕೆ ಕಲಿಸುವ ದಿನ. ಉದ್ದ ಹಿಡಿಯ ಸುತ್ತಿಗೆಯಿಂದ ಚೆಂಡು ಹೊಡೆದು, ಹುಲ್ಲಿನಲ್ಲಿ ನೆಟ್ಟ ಕಮಾನುಗಳೊಳಗೆ ದಾಟಿಸುವ ಆಟ ಅದು. ಹೇಗೋ ಒಪ್ಪಿಸಿ ಕರೆದುಕೊಂಡು ಹೋದೆ. ಹುಲ್ಲು ಕೆಡಬಾರದು ಅಂತ ಅಲ್ಲಿ ಚಪ್ಪಟೆ ಅಟ್ಟೆಯ ಶೂ ಬೇಕು. ಅಪ್ಪನದು ಹಾಗಿರಲಿಲ್ಲ. ಕ್ಲಬ್ಬಿನವರು ಬಾಗಿಲಲ್ಲೇ ಬೇಡ ಅಂದರು. ಅಪ್ಪ ತಲೆ ತಗ್ಗಿಸಿ ವಾಪಸ್ ಹೊರಟೇಬಿಟ್ಟರು.

ಆಗ ನೀವು ಬಂದಿರಿ. ಶೆಡ್ಡಿನಿಂದ ಮೂರು ಜೊತೆ ಹಳೇ ಕ್ಯಾನ್ವಾಸ್ ಶೂ ತಂದು ಬೆಂಚಿನ ಮುಂದೆ ಸಾಲಾಗಿ ಇಟ್ಟಿರಿ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ ಅಂದೆ. ನೀವು ನಕ್ಕು, ಅವರನ್ನು ನಡುವಿನ ಗೂಟದ ಹತ್ತಿರ ಕರೆದುಕೊಂಡು ಹೋದಿರಿ. ಅದರ ಬಣ್ಣದ ಪಟ್ಟಿಗಳನ್ನು ಮೇಲಿನಿಂದ ಒಂದೊಂದಾಗಿ ಬೆರಳಲ್ಲಿ ಮುಟ್ಟಿದಿರಿ: ನೀಲಿ, ಕೆಂಪು, ಕಪ್ಪು, ಹಳದಿ. ಚೆಂಡು ಹೊಡೆಯುವ ಸರದಿಯೂ ಅದೇ. ಅಪ್ಪನಿಗೆ ತಕ್ಷಣ ಅರ್ಥವಾಯಿತು. ಚೆಂಡಿಗೂ ಕಮಾನಿಗೂ ಕೆಲವೇ ಮಿಲಿಮೀಟರ್ ಅಂತರ ಅಲ್ವಾ, ಅದನ್ನು ತೋರಿಸಲು ನೀವು ಮಂಡಿಯೂರಿ, ಚೆಂಡನ್ನು ಕೈಯಿಂದಲೇ ನಿಧಾನವಾಗಿ ತೂರಿಸಿದಿರಿ. ನೀವು ಏಳುವಾಗ ಅಪ್ಪ ಕೈ ಕೊಟ್ಟರು.

ನಾಲ್ಕನೇ ಹೊಡೆತಕ್ಕೆ ಅವರ ಕೆಂಪು ಚೆಂಡು ಕಮಾನು ದಾಟಿತು. "ಲಗೋರಿಗಿಂತ ಕಷ್ಟ ಕಣೋ ಇದು" ಅಂದರು. ತಿಂಗಳಲ್ಲಿ ಅವರಾಗಿಯೇ ಆಡಿದ ಮೊದಲ ಮಾತು ಅದು. ನಾನು ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ನಿಮ್ಮ ಹೆಸರನ್ನೂ ಕೇಳಲಿಲ್ಲ, ಕ್ಷಮಿಸಿ. ತುಂಬಾ ಥ್ಯಾಂಕ್ಸ್. ಶೂ ಒರೆಸಿ ಇಟ್ಟಿದ್ದೇವೆ. ಈ ಭಾನುವಾರ ಅಪ್ಪನೇ ತರುತ್ತಾರೆ.