ಖುಲಾಸೆಯಾದವನ ಕೈಗೆ ಏನು ಕೊಟ್ಟೆವು?

ಮಾನ್ಯರೇ,

ಗಂಡನೇ ಕೊಂದನೆಂದು ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದ್ದ ಹೆಂಗಸು 2025ರ ಏಪ್ರಿಲ್‌ನಲ್ಲಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಅಷ್ಟರೊಳಗೆ ಕೊಡಗಿನ ಆ ಆದಿವಾಸಿ ಕೂಲಿಕಾರ ಒಂದೂವರೆ ವರ್ಷ ಜೈಲಿನಲ್ಲಿ ಕಳೆದಾಗಿತ್ತು. ಸಿಕ್ಕಿದ್ದ ಅಸ್ಥಿಪಂಜರ ಅವಳದಲ್ಲವೆಂದು ಡಿಎನ್‌ಎ ವರದಿ ಬಂದರೂ ಕೇಸು ನಿಲ್ಲಲಿಲ್ಲ. ಕೊನೆಗೆ ಮೈಸೂರಿನ ನ್ಯಾಯಾಲಯ ಆತನನ್ನು ಖುಲಾಸೆ ಮಾಡಿ, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಕೊಡಬೇಕೆಂದಿತು.

ಆ ಒಂದು ಲಕ್ಷ ಕೂಡ ನ್ಯಾಯಾಧೀಶರ ಕಳಕಳಿಯಿಂದ ಬಂದದ್ದು. ಇದು ನನ್ನ ಹಕ್ಕು ಎಂದು ಕೇಳಲು ಪ್ರತ್ಯೇಕ ಕಾನೂನೇ ನಮ್ಮಲ್ಲಿಲ್ಲ. 1968ರಲ್ಲೇ ಖುಲಾಸೆಯಾಗಿದ್ದ ಬಿಹಾರದ ರುದುಲ್ ಸಾಹ್ ಜೈಲಿನಿಂದ ಹೊರಬಂದದ್ದು 1982ರಲ್ಲಿ. ಆ 14 ವರ್ಷಕ್ಕೆ ಸುಪ್ರೀಂ ಕೋರ್ಟ್ ಕೊಡಿಸಿದ್ದು 35 ಸಾವಿರ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ ಸಿಕ್ಕಿತು. ಅವರು ಎರಡು ದಶಕ ಹೋರಾಡಿದರು. ಕೂಲಿಯವನಿಗೆ ಆ ತ್ರಾಣ ಎಲ್ಲಿಂದ ಬರಬೇಕು? ಅಕಾರಣ ಬಂಧನಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಹೇಳಿದ್ದ ಪರಿಹಾರ ಹೆಚ್ಚೆಂದರೆ 1,000 ರೂಪಾಯಿ, ಅದೂ ಬಂಧನಕ್ಕೆ ಕಾರಣನಾದ ವ್ಯಕ್ತಿಯಿಂದ. 2024ರ ಜುಲೈನಲ್ಲಿ ಅದರ ಜಾಗಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಾಗಲೂ ಆ ಮೊತ್ತ ಬದಲಾಗಲಿಲ್ಲ.

ನಾನು ಸೆಷನ್ಸ್ ನ್ಯಾಯಾಲಯದಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು. ಮೂರು ವರ್ಷ ಜೈಲಿನಲ್ಲಿದ್ದು ಖುಲಾಸೆಯಾದ ಒಬ್ಬ ಕುರಿಗಾಹಿ ಇಂದಿಗೂ ಕಣ್ಣಮುಂದಿದ್ದಾನೆ. ತೀರ್ಪು ಓದಿ ಮುಗಿದರೂ ಕಟಕಟೆಯಿಂದ ಇಳಿಯಲಿಲ್ಲ. "ಇಳಿಯಪ್ಪ, ಬಿಟ್ಟಿದ್ದಾರೆ" ಎಂದೆ. "ಕುರಿ ಎಲ್ಲಾ ಮಾರಿದೀವಿ ಸ್ವಾಮಿ, ಈಗ ಊರಿಗೆ ಹೋಗಿ ಏನ್ ಮಾಡ್ಲಿ?" ಎಂದ. ಮೇಲ್ಮನವಿಯಾದರೆ ಹಾಜರಾಗುತ್ತೇನೆಂದು ಕಾನೂನಿನ ಪ್ರಕಾರ ಅವನಿಂದಲೇ ಜಾಮೀನು ಮುಚ್ಚಳಿಕೆ ಬರೆಸಿಕೊಂಡಿದ್ದೆವು. ಹೆಬ್ಬೆಟ್ಟು ಒತ್ತಿಸಿದ್ದು ನಾನೇ. ನಮ್ಮ ಕಡೆಯಿಂದ ಅವನಿಗೆ ಕೊಡಲು ಏನೂ ಇರಲಿಲ್ಲ.

ಅದೇ ಹಾಲ್‌ನಲ್ಲಿ, ಅದೇ ನ್ಯಾಯಾಧೀಶರು ಅಪಘಾತ ಪರಿಹಾರದ ಕೇಸುಗಳನ್ನೂ ನಡೆಸುತ್ತಿದ್ದರು. ಕಾಲು ಮುರಿದ ಗಾರೆ ಕೆಲಸದವನ ವಯಸ್ಸೆಷ್ಟು, ದಿನಗೂಲಿ ಎಷ್ಟು, ಎಷ್ಟು ತಿಂಗಳ ದುಡಿಮೆ ಹೋಯಿತು, ನೋವಿಗೆಷ್ಟು ಎಂದು ಲೆಕ್ಕ ಹಾಕಿ ಬಡ್ಡಿ ಸಮೇತ ಆದೇಶಿಸುತ್ತಿದ್ದರು. ಲಾರಿ ಗುದ್ದಿದರೆ ಇರುವ ಈ ಲೆಕ್ಕ ಸರ್ಕಾರವೇ ಗುದ್ದಿದಾಗ ಯಾಕಿಲ್ಲ? ಸಂಶಯದ ಲಾಭದಲ್ಲಿ ಬಿಡುಗಡೆಯಾದ ಎಲ್ಲರಿಗೂ ಹಣ ಕೊಡಿ ಎನ್ನುತ್ತಿಲ್ಲ. ಸುಳ್ಳು ಸಾಕ್ಷ್ಯ ಹೆಣೆದು, ಆರೋಪಿಗೆ ಅನುಕೂಲಕರವಾದ ವರದಿಯನ್ನು ಕಡೆಗಣಿಸಿ ಒಳಗಿಟ್ಟದ್ದು ಸಾಬೀತಾದ ಕಡೆಯಾದರೂ ಬೇಡವೇ?

ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಇದಕ್ಕೆಂದು ವಿಶೇಷ ನ್ಯಾಯಾಲಯಗಳನ್ನು ಶಿಫಾರಸು ಮಾಡಿದೆ. ದಂಡ ಪ್ರಕ್ರಿಯೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ, ಆದ್ದರಿಂದ ನಮ್ಮ ವಿಧಾನಮಂಡಲವೂ ಮಸೂದೆ ತರಬಹುದು. ಅಲ್ಲಿಯವರೆಗೆ ಇಂಥವರಿಗೆ ತೀರ್ಪಿನ ದಿನವೇ ಮಧ್ಯಂತರ ಪರಿಹಾರವನ್ನಾದರೂ ಕೊಡಲಿ, ಅವರು ಊರಿನ ಬಸ್ಸು ಹತ್ತುವ ಮೊದಲು.

— ನಿವೃತ್ತ ನ್ಯಾಯಾಲಯ ನೌಕರ, ಚಿತ್ರದುರ್ಗ