ಲಕ್ವಾ ರೋಗಿ ಮನೆಗೆ ಬಂದ ಮೇಲೆ

ಮಾನ್ಯ ಸಂಪಾದಕರೆ,

ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನ ಬಂದಾಗಲೆಲ್ಲ ‘ಲಕ್ವಾ ಹೊಡೆದರೆ ನಾಲ್ಕೂವರೆ ತಾಸಿನೊಳಗೆ ಆಸ್ಪತ್ರೆ ಸೇರಿಸಿ’ ಎನ್ನುವ ಮಾತು ಕೇಳಿಬರುತ್ತದೆ. ಬೇಕಾದ ಮಾತೇ. ಆದರೆ ಜೀವ ಉಳಿಸಿಕೊಂಡು ಮನೆಗೆ ಬಂದವರನ್ನು ಎಬ್ಬಿಸುವುದು, ಉಣಿಸುವುದು ಹೇಗೆಂದು ಮನೆಮಂದಿಗೆ ಕಲಿಸುವವರು ಕಡಿಮೆ.

ಮೊದಲು ಕೆಡುವುದು ಭುಜ. ಸ್ವಾಧೀನ ತಪ್ಪಿದ ಕೈಯ ಸ್ನಾಯು ಸಡಿಲಾಗಿ ತೋಳಿನ ಎಲುಬು ಕೀಲಿನಿಂದ ಕೆಳಗೆ ಜಾರುತ್ತದೆ. ಭುಜದ ತುದಿಯ ಕೆಳಗೆ ಬೆರಳು ಇಳಿಯುವಷ್ಟು ತಗ್ಗು ಕೈಗೆ ಸಿಗುತ್ತದೆ. ಅದೇ ಕೈ ಜಗ್ಗಿ ಎಬ್ಬಿಸುತ್ತಾರೆ, ಕಂಕುಳಲ್ಲಿ ಕೈಹಾಕಿ ಎತ್ತುತ್ತಾರೆ. ಇನ್ನು ಕೆಲವರು ಬಾಗಿಲಿಗೆ ಗಡಗಡಿ ಕಟ್ಟಿ ಹಗ್ಗ ಎಳೆಸುತ್ತಾರೆ. ಭುಜ ನೋಯತೊಡಗಿದರೆ ರೋಗಿ ಕೈ ಮುಟ್ಟಗೊಡುವುದಿಲ್ಲ, ವ್ಯಾಯಾಮ ಅಲ್ಲಿಗೇ ನಿಲ್ಲುತ್ತದೆ. ಕೂತಾಗ ಮೊಣಕೈಯಿಂದ ಅಂಗೈವರೆಗೆ ದಿಂಬು ಕೊಡಬೇಕು. ಎಬ್ಬಿಸುವಾಗ ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ ಅದನ್ನು ಹಿಡಿಯಬೇಕು. ಪಾದ ಹಿಂದಕ್ಕೆ ಸರಿಸಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿಸಿದರೆ ಅರ್ಧ ಭಾರ ಅವರೇ ಎತ್ತಿಕೊಳ್ಳುತ್ತಾರೆ. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ. ದಿನವಿಡೀ ರಬ್ಬರ್ ಚೆಂಡು ಹಿಸುಕಿಸಿ ಲಾಭವಿಲ್ಲ. ಬೆರಳು ಮಡಚುವುದು ಹೇಗೂ ಬರುತ್ತದೆ, ಬಾರದೇ ಇರುವುದು ಬಿಚ್ಚುವುದು.

ಲಕ್ವಾದಿಂದ ನುಂಗುವ ಶಕ್ತಿ ಕುಂದಿದವರಿಗೆ ನೀರು, ಚಹಾ ಬೇಗ ಜಾರಿ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕುಡಿದ ಮೇಲೆ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮಲಗಿಸಿ ಉಣಿಸಲೇಬಾರದು, ನೆಟ್ಟಗೆ ಕೂರಿಸಿ, ಊಟವಾದ ಮೇಲೂ ಅರ್ಧ ತಾಸು ಹಾಗೇ ಇರಲಿ.

ಚೇತರಿಕೆ ಹೆಚ್ಚು ವೇಗವಾಗಿರುವುದು ಮೊದಲ ಮೂರು ತಿಂಗಳು. ಲಕ್ವಾಕ್ಕೆ ಮದ್ದೆಂದು ಪಾರಿವಾಳದ ರಕ್ತ ತಿಕ್ಕಿಸುತ್ತ ಅಲೆಯುವ ವಾರಗಳು ಈ ಲೆಕ್ಕದಲ್ಲೇ ಕಳೆಯುತ್ತವೆ.

ಚೇತರಿಕೆ ಅಳೆಯಲು ಬಳಸುವ ಬಾರ್ತೆಲ್ ಸೂಚ್ಯಂಕದ 100 ಅಂಕಗಳಲ್ಲಿ ಸ್ಕ್ಯಾನಿಂಗ್ ರಿಪೋರ್ಟಿಗೆ ಒಂದಂಕವೂ ಇಲ್ಲ. ಊಟ, ಸ್ನಾನ, ಬಟ್ಟೆ, ಶೌಚ, ಮೆಟ್ಟಿಲು ಇಂಥ ಹತ್ತು ಸಂಗತಿಗಳಷ್ಟೇ. ಕುಕ್ಕರಗಾಲಿನಲ್ಲಿ ಕೂರುವ ಪಾಯಖಾನೆಯ ಮೇಲೆ ನಡುವೆ ತೂತಿರುವ ಕುರ್ಚಿ ಇಟ್ಟು, ಗಟ್ಟಿ ಇರುವ ಕೈಯ ಕಡೆ ಗೋಡೆಗೊಂದು ಹಿಡಿಕೆ ಜಡಿದರೆ ಎಷ್ಟೋ ಮಂದಿಗೆ ಇನ್ನೊಬ್ಬರನ್ನು ಕರೆಯುವ ಮುಜುಗರ ತಪ್ಪುತ್ತದೆ. ಲಕ್ವಾ ಅಲ್ಲದೆ, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೂ ಇಂಥ ಉಪಾಯವಿದೆ. ಆ ಕಾಯಿಲೆ ಇದ್ದವರ ಕಾಲು ಬಾಗಿಲ ಬಳಿ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಅಲ್ಲಿ ಒಂದೊಂದು ಹೆಜ್ಜೆಗೆ ಬಣ್ಣದ ಟೇಪ್ ಅಂಟಿಸಿದರೆ ಅದನ್ನು ದಾಟಲು ಹೋಗಿ ಕಾಲು ಏಳುತ್ತದೆ. ಇವಕ್ಕೆಲ್ಲ ದೊಡ್ಡ ಖರ್ಚಿಲ್ಲ.

ಆದರೆ ಹಿರೇಕೆರೂರಿನಿಂದಲೋ ರೋಣದಿಂದಲೋ ವಾರಕ್ಕೆ ಮೂರು ಸಲ ಹುಬ್ಬಳ್ಳಿಗೆ ಬಂದು ಫಿಸಿಯೊಥೆರಪಿ ಮಾಡಿಸಿಕೊಳ್ಳುವುದು ಆಗುವ ಮಾತಲ್ಲ. ಬಸ್ಸಿನ ಮೆಟ್ಟಿಲೇ ಹತ್ತಲಾಗದು, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೊಥೆರಪಿಸ್ಟ್ ಸಿಗುವ ದಿನಗಳನ್ನು ಗೊತ್ತುಮಾಡಿ ಬೋರ್ಡಿನಲ್ಲಿ ಬರೆಯಲಿ. ಡಿಸ್ಚಾರ್ಜ್ ಮಾಡುವ ಮುನ್ನ ಮನೆಯ ಒಬ್ಬರು ರೋಗಿಯನ್ನು ಎಬ್ಬಿಸಿ, ಕೂರಿಸಿ, ಉಣಿಸುವುದನ್ನು ನೋಡಿ, ಆಮೇಲೆ ಕಳಿಸಲಿ.

– ಫಿಸಿಯೊಥೆರಪಿಸ್ಟರ ಒಂದು ಬಳಗ, ಹುಬ್ಬಳ್ಳಿ